ಬಿಎಂಐ 22, ಹೊಟ್ಟೆ ಮಾತ್ರ ಬಂದಿದೆ. ಕಿಡ್ನಿ ಚೆನ್ನಾಗಿರಲು 5 ಕೆಜಿ ಇಳಿಸಬೇಕಾ?

ನಿಮ್ಮದು ನನ್ನದೇ ಮೈಕಟ್ಟು. ಎತ್ತರ 168 ಸೆಂ.ಮೀ., ತೂಕ 62 ಕೆಜಿ, ಕೈಕಾಲು ಸಣ್ಣ, ಹೊಟ್ಟೆ ಮುಂದೆ. ಮನೆಯಲ್ಲಿ ಎಲ್ಲರಿಗೂ ನಾನು ಸಣಕಲ. ಬಿಪಿ ಏರಿದಾಗಲೂ ಕೆಲಸದ ಟೆನ್ಶನ್ ಅಂದುಕೊಂಡೆವು.

ನನಗೆ ದುಬಾರಿಯಾಗಿದ್ದು ಒಂದೇ ವಿಷಯ: ವರ್ಷವರ್ಷವೂ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಒಂದನ್ನೇ ನೋಡಿ ಫೈಲ್ ಮುಚ್ಚಿಡುತ್ತಿದ್ದೆ. 0.9, ನಾರ್ಮಲ್. ಇದನ್ನು ಬಿಡಿಸಿ ಹೇಳಲೇಬೇಕು. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ, ಅದನ್ನು ಹೊರಹಾಕುವುದು ಕಿಡ್ನಿ. ಸ್ನಾಯುವೇ ಕಡಿಮೆ ಇದ್ದರೆ ಹುಟ್ಟುವುದೇ ಕಡಿಮೆ. ಕಿಡ್ನಿ ಸೋಲುತ್ತಿದ್ದರೂ ಅಂಕಿ ಬೇಗ ಮೇಲೇಳುವುದಿಲ್ಲ. ಜಿಮ್‌ನಲ್ಲಿ ಮೈ ಬೆಳೆಸಿದವನಿಗೆ 1.3 ಬಂದರೂ ಕಿಡ್ನಿ ಗಟ್ಟಿಯಾಗಿರಬಹುದು, ನನ್ನಂಥವನಿಗೆ 0.9 ಬಂದರೂ ಗಟ್ಟಿ ಇಲ್ಲದಿರಬಹುದು. ರಿಪೋರ್ಟಿನಲ್ಲಿ ಬರುವ ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಅಂದಾಜು) ಕೂಡ ಸಾಮಾನ್ಯವಾಗಿ ಅದೇ ಕ್ರಿಯಾಟಿನಿನ್‌ನ ಲೆಕ್ಕ. ಅದು ವಯಸ್ಸು ನೋಡುತ್ತದೆ, ಗಂಡೋ ಹೆಣ್ಣೋ ನೋಡುತ್ತದೆ, ತೋಳಿನ ದಪ್ಪ ನೋಡುವುದಿಲ್ಲ. ಸ್ನಾಯುವಿನ ಮೇಲೆ ಅಷ್ಟು ಅವಲಂಬಿಸದ ಸಿಸ್ಟಾಟಿನ್ ಸಿ ಪರೀಕ್ಷೆಯಿಂದ ಲೆಕ್ಕ ಹಾಕಿದಾಗ ನನ್ನ ಇಜಿಎಫ್‌ಆರ್ 64 ಮಾತ್ರ ಬಂತು. ಮೂತ್ರದಲ್ಲಿ ಪ್ರೋಟೀನ್ ಎಷ್ಟು ಸೋರುತ್ತಿದೆ ಎಂದು ತೋರಿಸುವ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ 30 ಮಿ.ಗ್ರಾಂ/ಗ್ರಾಂ ಒಳಗಿರಬೇಕು, ನನ್ನದು 180.

ಡಾಕ್ಟರ್ ಟೇಪ್ ಹಿಡಿದು ಸೊಂಟ ಅಳೆದರು: 97 ಸೆಂ.ಮೀ. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ದಾಟಬಾರದು. ನಾನು 34ರ ಪ್ಯಾಂಟ್ ಹಾಕುವವನು, ಆದರೆ ಪ್ಯಾಂಟ್ ಕೂರುವುದು ಹೊಟ್ಟೆಯ ಕೆಳಗೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು ಅಳೆಯಬೇಕು. ಕರುಳಿನ ಸುತ್ತ ಕೂತ ಕೊಬ್ಬು ಬಿಪಿ ಏರಿಸುತ್ತದೆ, ಇನ್ಸುಲಿನ್ ಕೆಲಸ ಕೆಡಿಸುತ್ತದೆ. ಇದರಿಂದ ಕಿಡ್ನಿಯ ಸೋಸುವ ಗಂಟುಗಳು ಮಿತಿಮೀರಿ ದುಡಿದು ಕೊನೆಗೆ ಪ್ರೋಟೀನ್ ಸೋರಿಸುತ್ತವೆ. ತೂಕದ ಯಂತ್ರಕ್ಕೆ ಇದ್ಯಾವುದೂ ಕಾಣುವುದಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, 5 ಕೆಜಿ ಇಳಿಸುವ ಯೋಚನೆಯನ್ನೇ ಬಿಡಿ. ಊಟ ಬಿಟ್ಟು ತೂಕ ಇಳಿಸಿದರೆ ಸ್ನಾಯುವೂ ಕರಗುತ್ತದೆ, ಕ್ರಿಯಾಟಿನಿನ್ ಇನ್ನಷ್ಟು ಚೆಂದ ಕಾಣುತ್ತದೆ, ನೀವು ಇನ್ನಷ್ಟು ನಿಶ್ಚಿಂತರಾಗುತ್ತೀರಿ. ಇಳಿಯಬೇಕಾದದ್ದು ಸೊಂಟ. ನಾನು ಬಿಪಿ ಮಾತ್ರೆ ತಪ್ಪಿಸುವುದಿಲ್ಲ, ಉಪ್ಪಿನಕಾಯಿ ಹಪ್ಪಳ ಬಿಟ್ಟೆ, ನಡಿಗೆಯ ಜೊತೆ ಭಾರ ಎತ್ತುವ ವ್ಯಾಯಾಮ ಶುರುಮಾಡಿದೆ. ತೂಕ 62ರಿಂದ 61ಕ್ಕೆ ಬಂತು ಅಷ್ಟೇ, ಸೊಂಟ ಮಾತ್ರ 89, ಆಲ್ಬುಮಿನ್ ಇಳಿಯುತ್ತಾ ಇದೆ. ಯಾರೋ ಹೇಳಿದರೆಂದು ಪ್ರೋಟೀನ್ ಪೌಡರ್ ಮಾತ್ರ ಡಾಕ್ಟರನ್ನು ಕೇಳದೆ ಶುರುಮಾಡಬೇಡಿ.

ಈ ವಾರವೇ ಬಿಪಿ ನೋಡಿಸಿ, ಬೆಳಗಿನ ಮೊದಲ ಮೂತ್ರದಲ್ಲಿ ಆ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಪರೀಕ್ಷಿಸಿ. ಜ್ವರ ಇದ್ದಾಗ, ಜೋರು ವ್ಯಾಯಾಮದ ಮರುದಿನ ಬೇಡ, ಅಂಕಿ ಸುಮ್ಮನೆ ಏರಿರಬಹುದು. 30 ದಾಟಿದರೆ ಡಾಕ್ಟರಿಗೆ ತೋರಿಸಿ, ಮೂರು ತಿಂಗಳೊಳಗೆ ಮತ್ತೆ ಮಾಡಿಸಿ.