ಪ್ರ: ಕೊಳ್ಳಲು ನೋಡಿದ ಹಾರ್ಲೆ ಡಬ್ಲ್ಯುಎಲ್ಎ (ಎರಡನೇ ಮಹಾಯುದ್ಧದ ಸೇನಾ ಬೈಕ್) ಫ್ರೇಮಿನಲ್ಲಿ ನಂಬರ್ ಇಲ್ಲ, ಇಂಜಿನ್ ಮೇಲೆ 42, ಟ್ಯಾಂಕಿನ ಪ್ಲೇಟಿನಲ್ಲಿ 1943. ಮೋಸವೇ?

ಇಷ್ಟಕ್ಕೇ ಮೋಸ ಅನ್ನಲಾಗದು. ಆ ಕಾಲದ ಹಾರ್ಲೆ ಫ್ರೇಮಿಗೆ ನಂಬರ್ ಒತ್ತುತ್ತಿರಲಿಲ್ಲ. ಇಂಜಿನ್ ನಂಬರೇ ಗಾಡಿಯ ಗುರುತು. ಯುದ್ಧಕಾಲದಲ್ಲಿ 1942ರ ನಂತರ ತಯಾರಾದವಕ್ಕೂ 42ಡಬ್ಲ್ಯುಎಲ್ಎ ಎಂದೇ ಒತ್ತಿದ್ದಾರೆ.

ಮೊದಲು ಇಂಜಿನಿನ ಎಡಬದಿಯ ನಂಬರ್ ಪಟ್ಟಿ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಎರಕದ ಒರಟುತನ ಇರಬೇಕು. ಕನ್ನಡಿಯಂತೆ ನುಣ್ಣಗಿದ್ದು ಉಜ್ಜಿದ ಗೆರೆ ಕಂಡರೆ ನನಗಂತೂ ಅನುಮಾನ ಜಾಸ್ತಿ.

ಆಮೇಲೆ ಕೆಳಗೆ ಮಲಗಿ ಕ್ರ್ಯಾಂಕ್‌ಕೇಸಿನ (ಎರಡು ಅರ್ಧ ಸೇರಿಸಿ ಮಾಡಿದ ಇಂಜಿನ್ ಕವಚ) ತಳ ನೋಡಿ. ಎರಡೂ ಅರ್ಧಗಳ ನಂಬರ್ ಒಂದೇ ಇರಬೇಕು. ಬೇರೆಯಾದರೆ ಜೋಡಿ ಒಡೆದಿದೆ ಅಂತ. ಸೇನೆಯ ರಿಪೇರಿಯಲ್ಲೇ ಬದಲಾಗಿರಲೂಬಹುದು, ಫೋಟೋ ನೋಡದೆ ಹೇಳಲಾರೆ.

ಟ್ಯಾಂಕಿನ ಪ್ಲೇಟ್ ನಂಬಿ ಸುಮ್ನೆ ದುಡ್ಡು ಕೊಡಬೇಡಿ, ಹೊಸ ನಕಲು ಸಿಗುತ್ತವೆ. ತಳದ ನಂಬರ್ ನೋಡಲು ಬಿಡದಿದ್ದರೆ ಮುಂಗಡ ಕೊಡಬೇಡಿ.