ಸಿಂಟ್ಯಾಕ್ಸ್ ಬರುತ್ತೆ, ಲಾಜಿಕ್ ಹೊಳೆಯಲ್ಲ, ಮ್ಯಾಥ್ಸ್ ವೀಕ್ ಇರೋದಕ್ಕೇನಾ?

ಪ್ರೋಗ್ರಾಮಿಂಗ್‌ನಲ್ಲಿ ಸಿಂಟ್ಯಾಕ್ಸ್, ಅಂದ್ರೆ ಕೋಡ್ ಬರೆಯೋ ವ್ಯಾಕರಣ, ಬರುತ್ತೆ, ಮ್ಯಾಥ್ಸ್ ವೀಕ್ ಇರೋದಕ್ಕೆ ಲಾಜಿಕ್ ಹೊಳೀತಿಲ್ವಾ ಅಂತ ಕೇಳಿದೀರ, ಅದಕ್ಕಲ್ಲ. ನಾನು ಎಷ್ಟೋ ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ, ಕ್ಯಾಲ್ಕುಲಸ್ ಬೇಕಾಗಿದ್ದು ಒಂದು ಸಲನೂ ನೆನಪಿಲ್ಲ, ಆದ್ರೆ ಆಂಡ್ (ಎರಡೂ ನಿಜ ಇರ್ಬೇಕು), ಆರ್ (ಒಂದಾದ್ರೂ ನಿಜ ಇದ್ರೆ ಸಾಕು), ನಾಟ್ (ಅಲ್ಲ) ಈ ಮೂರು ಮಾತ್ರ ಇವತ್ತಿಗೂ ಸತಾಯಿಸ್ತವೆ.

ನಂದೇ ಒಂದು ಎಡವಟ್ಟು ಹೇಳ್ತೀನಿ. ಆರ್ಡರ್ ಕ್ಯಾನ್ಸಲ್ ಆಗಿದ್ರೂ ಡೆಲಿವರಿ ಆಗಿದ್ರೂ ರಿಮೈಂಡರ್ ಮೇಲ್ ಹೋಗಬಾರ್ದು, ಇಷ್ಟೇ ಕೆಲಸ. ನಾನು ಬರೆದಿದ್ದು, ಸ್ಟೇಟಸ್ ಕ್ಯಾನ್ಸಲ್ ಅಲ್ಲ ಆರ್ ಡೆಲಿವರಿ ಅಲ್ಲ ಅಂದ್ರೆ ಮೇಲ್ ಕಳ್ಸು ಅಂತ. ಓದೋಕೆ ಸರಿಯಾಗೇ ಇದೆ ಅನ್ಸುತ್ತೆ ಅಲ್ವಾ? ಆದ್ರೆ ಒಂದು ಆರ್ಡರ್‌ಗೆ ಒಂದೇ ಟೈಮಲ್ಲಿ ಎರಡು ಸ್ಟೇಟಸ್ ಇರಲ್ಲ, ಕ್ಯಾನ್ಸಲ್ ಆಗಿದ್ರೆ ಅದು ಡೆಲಿವರಿ ಅಲ್ಲ, ಡೆಲಿವರಿ ಆಗಿದ್ರೆ ಕ್ಯಾನ್ಸಲ್ ಅಲ್ಲ, ಹಂಗಾಗಿ ಕಂಡೀಷನ್ ಯಾವಾಗ್ಲೂ ಟ್ರೂ, ಎಲ್ರಿಗೂ ಮೇಲ್ ಹೋಯ್ತು. ಅಲ್ಲಿ ಇರಬೇಕಾಗಿದ್ದು ಆಂಡ್. ಕೋಡನ್ನ ಮೆಷಿನ್‌ಗೆ ಅನುವಾದ ಮಾಡೋ ಕಂಪೈಲರ್ ತುಟಿಪಿಟಿಕ್ ಅನ್ಲಿಲ್ಲ, ಯಾಕಂದ್ರೆ ಸಿಂಟ್ಯಾಕ್ಸ್ ಸರಿ ಇತ್ತು. ಹೀಗೆ ಆರ್ ಬದಲು ಆಂಡ್ ಬರೋದಕ್ಕೆ ಡಿ ಮಾರ್ಗನ್ ನಿಯಮ ಅಂತಾರೆ, ಬ್ರಾಕೆಟ್ ಹೊರಗಿರೋ ನಾಟ್ ಒಳಗೆ ಬಂದ್ರೆ ಆರ್ ಹೋಗಿ ಆಂಡ್ ಆಗುತ್ತೆ, ಆಂಡ್ ಹೋಗಿ ಆರ್ ಆಗುತ್ತೆ. (ಆ ಗಣಿತಜ್ಞ ಡಿ ಮಾರ್ಗನ್ ಹುಟ್ಟಿದ್ದು ಮದುರೈನಲ್ಲಿ, 1806ರಲ್ಲಿ. ಕಾಲೇಜಲ್ಲಿ ಯಾರೂ ಹೇಳಿರ್ಲಿಲ್ಲ.)

ಆಮೇಲಿಂದ ಕಂಡೀಷನ್ ಮೂರಾದ್ರೆ ನಾನು ಕೀಬೋರ್ಡ್ ಬಿಟ್ಟು ಪೇಪರ್ ತಗೋತೀನಿ. ಮೂರು ಕಂಡೀಷನ್ ಅಂದ್ರೆ ಎಂಟು ಸಾಲು ಟ್ರೂತ್ ಟೇಬಲ್ (ಟ್ರೂ, ಫಾಲ್ಸ್‌ನ ಎಲ್ಲಾ ಜೋಡಣೆ ಬರೆಯೋ ಪಟ್ಟಿ), ಒಂದೊಂದು ಸಾಲಿಗೂ ಏನಾಗ್ಬೇಕು ಅಂತ ಬರೀತಾ ಹೋದ್ರೆ ಯಾವುದೋ ಒಂದು ಸಾಲಲ್ಲಿ ಪೆನ್ ನಿಲ್ಲುತ್ತೆ, ಬಗ್ ಹುಟ್ಟೋದು ಅಲ್ಲೇ, ರಿಕ್ವೈರ್‌ಮೆಂಟ್ ಕೊಟ್ಟೋರೇ ಅದನ್ನ ಯೋಚ್ನೆ ಮಾಡಿರಲ್ಲ, ಹೋಗಿ ಕೇಳ್ಬೇಕು.

ಇನ್ನು ಕೋಡ್ ಜೋಡಿಸೋದು. ಒಂದಾದ್ಮೇಲೆ ಒಂದು ನಡೆಯೋದು, ಇಫ್ ಎಲ್ಸ್ (ಹೀಗಿದ್ರೆ ಇದು, ಇಲ್ಲಾಂದ್ರೆ ಅದು), ಲೂಪ್ (ಮತ್ತೆ ಮತ್ತೆ ಮಾಡೋದು), ಇವು ಮೂರಿದ್ರೆ ಎಂಥಾ ಪ್ರೋಗ್ರಾಮ್ ಬೇಕಾದ್ರೂ ಬರೀಬಹುದು ಅಂತ ಬೋಮ್ ಮತ್ತೆ ಯಾಕೊಪಿನಿ ಅನ್ನೋ ಇಬ್ರು ಕಂಪ್ಯೂಟರ್ ವಿಜ್ಞಾನಿಗಳು 1966ರಲ್ಲೇ ತೋರಿಸಿದಾರೆ, ಸೋ ಹೊಸದಾಗಿ ಹೊಳೆಯೋಕೆ ಜಾಸ್ತಿ ಏನಿಲ್ಲ, ಯಾವುದನ್ನ ಯಾವಾಗ ಕೇಳ್ಬೇಕು ಅನ್ನೋದೇ ಕಷ್ಟ. ಲೀಪ್ ಇಯರ್ ತಗೊಳ್ಳಿ. ಮೊದ್ಲೇ 4ರಿಂದ ಭಾಗ ಹೋದ್ರೆ ಲೀಪ್ ಅಂತ ರಿಟರ್ನ್ ಮಾಡಿಬಿಟ್ರೆ, ಅಂದ್ರೆ ಉತ್ತರ ಕೊಟ್ಟು ಅಲ್ಲೇ ಮುಗಿಸಿಬಿಟ್ರೆ, 1900 ಕೂಡ ಲೀಪ್ ಆಗಿ ಕೂರುತ್ತೆ, ಕೆಳಗಿರೋ 100ರ ಚೆಕ್‌ಗೆ ಅದು ಬರೋದೇ ಇಲ್ಲ. ಅದಕ್ಕೆ ಉಲ್ಟಾ ಬನ್ನಿ, 400ರಿಂದ ಹೋದ್ರೆ ಲೀಪ್, ರಿಟರ್ನ್. 100ರಿಂದ ಹೋದ್ರೆ ಅಲ್ಲ, ರಿಟರ್ನ್. ಆಮೇಲೆ 4. ಒಂದರೊಳಗೊಂದು ಇಫ್ ಸಿಕ್ಕಿಸೋ ಗೋಜೇ ಇಲ್ಲ, ಮೇಲಿಂದ ಕೆಳಗೆ ಓದ್ಕೊಂಡು ಹೋದ್ರೆ ಸಾಕು.

ಇವತ್ತು ಇದನ್ನೇ ನೀವು ನಿಮ್ಮ ಪ್ರೋಗ್ರಾಮಿಂಗ್ ಭಾಷೇಲಿ ಬರೆದು 1900, 2000, 2023, 2024 ನಾಲ್ಕೂ ಕೊಟ್ಟು ನೋಡಿ, ಎಲ್ಲಾದ್ರೂ ತಪ್ಪು ಬಂದ್ರೆ ಕೋಡ್ ಇಲ್ಲೇ ಕಾಮೆಂಟಲ್ಲಿ ಹಾಕಿ ನೋಡ್ತೀನಿ.