ಬಂಧನದ ಲೆಕ್ಕ ಕುಡಿತದ ಲೆಕ್ಕವಲ್ಲ

ನಮಸ್ಕಾರ.

ಅಮೆರಿಕದಲ್ಲಿ ಕುಡಿತ ಬಿಡಿಸುವ ಚಿಕಿತ್ಸೆ ಪಡೆದವರು ಮತ್ತೆ ಕುಡಿದು ಗಾಡಿ ಓಡಿಸಿ ಸಿಕ್ಕಿಬೀಳುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಕೈಬಿಡಬೇಡಿ.

ತೊಡಕಿರುವುದು ಮೂರನೇ ಪುಟದ ಒಂದು ವಾಕ್ಯದಲ್ಲಿ: ‘ಕಪ್ಪು ಜನ, ಲ್ಯಾಟಿನೋಗಳು, ಮೂಲನಿವಾಸಿಗಳು ಹೆಚ್ಚು ಬಂಧನಕ್ಕೊಳಗಾಗುತ್ತಾರೆ, ಅಂದರೆ ಅವರಿಗೆ ಚಿಕಿತ್ಸೆ ನಾಟುತ್ತಿಲ್ಲ.’ ಈ ‘ಅಂದರೆ’ಯನ್ನು ನಾನು ಒಪ್ಪಲಾರೆ. ಬಂಧನವಾಗಲು ಒಬ್ಬ ಕುಡಿದಿದ್ದರೆ ಸಾಲದು, ಇನ್ನೊಬ್ಬ ಅವನ ಕಾರನ್ನು ತಡೆಯಬೇಕು. ನಿಮ್ಮ ಲೇಖನದಲ್ಲಿ ಆ ಪೊಲೀಸನೇ ಇಲ್ಲ.

ಹಿಂಬದಿ ದೀಪ ಕೆಟ್ಟಿದ್ದರೂ ಸಾಕು, ಗಾಡಿ ನಿಲ್ಲಿಸಬಹುದು. ಪೊಲೀಸನ ಮನಸ್ಸಿನಲ್ಲಿ ಏನೇ ಇರಲಿ, ಚಾಲಕ ಸಂಚಾರ ನಿಯಮ ಮುರಿದಿದ್ದರೆ ತಡೆದದ್ದು ಸರಿ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1996ರಲ್ಲಿ ರೆನ್ ಪ್ರಕರಣದಲ್ಲಿ ಹೇಳಿದೆ. ಕಿಟಕಿ ಇಳಿದ ಮೇಲೆ ತಾನೇ ವಾಸನೆ ಮೂಗಿಗೆ ಬಡಿಯುವುದು? ರಕ್ತದಲ್ಲಿ ಮದ್ಯ ಹೆಚ್ಚಿನ ರಾಜ್ಯಗಳ ಮಿತಿಯಾದ ಶೇ 0.08 ಮುಟ್ಟಿದೆಯೇ ಎಂದು ಉಸಿರಿನಿಂದ ಅಳೆಯುವ ಯಂತ್ರಕ್ಕೆ ಮೈಬಣ್ಣ ಗೊತ್ತಿಲ್ಲ, ನಿಜ. ಅದನ್ನು ಯಾರ ಬಾಯಿಗೆ ಹಿಡಿಯಬೇಕು ಎನ್ನುವುದು ಮಾತ್ರ ಅದಕ್ಕೂ ಮೊದಲೇ ತೀರ್ಮಾನವಾಗಿರುತ್ತದೆ.

ಸ್ಟ್ಯಾನ್‌ಫರ್ಡ್ ಸಂಶೋಧಕರು ಸುಮಾರು 10 ಕೋಟಿ ವಾಹನ ತಡೆಗಳ ದಾಖಲೆ ಜಾಲಾಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಓದಿ. ಸಂಜೆಯ ಅದೇ ಹೊತ್ತು, ಒಂದು ಋತುವಿನಲ್ಲಿ ಬೆಳಕು, ಇನ್ನೊಂದರಲ್ಲಿ ಕತ್ತಲು. ಕತ್ತಲಲ್ಲಿ ಚಾಲಕನ ಮುಖ ಕಾಣುವುದಿಲ್ಲ. ತಡೆಯಲಾದವರಲ್ಲಿ ಕಪ್ಪು ಜನರ ಪಾಲು ಆಗ ಇಳಿದಿತ್ತು. ಇದು ಎಲ್ಲ ಬಗೆಯ ತಡೆಗಳ ಲೆಕ್ಕ, ಕುಡಿದವರನ್ನು ಹಿಡಿಯುವುದು ಹೆಚ್ಚಾಗಿ ರಾತ್ರಿ. ಹಾಗಾಗಿ ನಿಮ್ಮ ವಿಷಯಕ್ಕೆ ನೇರವಾಗಿ ಅಂಟಿಸಬೇಡಿ. ಆದರೆ ಬಂಧನದ ಅಂಕಿಯನ್ನು ಕುಡಿತದ ಅಂಕಿ ಎಂದು ಬರೆಯುವ ಮುನ್ನ ಕೈ ತಡೆಯಲಿ.

ಹಾಗಂತ ಎಲ್ಲವನ್ನೂ ಪೊಲೀಸರ ತಲೆಗೆ ಕಟ್ಟಿ ಇನ್ನೊಂದು ಸುಲಭದ ಲೇಖನ ಕಳಿಸಬೇಡಿ. ಕುಡಿದು ಓಡಿಸಿದ ಅಪಘಾತಗಳಲ್ಲಿ ಅಮೆರಿಕದಲ್ಲಿ 2022ರಲ್ಲಿ 13,524 ಮಂದಿ ಸತ್ತಿದ್ದಾರೆ.

ನಿಮ್ಮಲ್ಲಿ ನನಗೆ ನಂಬಿಕೆ ಹುಟ್ಟಿದ್ದು ಕೊನೆಯ ಪುಟದಲ್ಲಿ. ಬೆಳಗಿನ ಚಳಿಯಲ್ಲಿ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಉಸಿರಿನಲ್ಲಿ ಮದ್ಯವಿದ್ದರೆ ಕಾರು ಶುರುವಾಗಲು ಬಿಡದ ಇಂಟರ್‌ಲಾಕ್ ಸಾಧನದ ಕೊಳವೆಗೆ ಊದಿ, ಕಾರು ಶುರುವಾಗುತ್ತದೋ ಇಲ್ಲವೋ ಎಂದು ಕಾಯುವ ಆ ತಂದೆ. ‘ಹಸಿರು ಬಂತು’ ಎನ್ನುವ ಮಗು. ಇದನ್ನು ಯಾಕೆ ಕೊನೆಗೆ ತಳ್ಳಿದಿರಿ? ಮೊದಲ ಎರಡು ಪುಟ ತೆಗೆದುಹಾಕಿ, ಇಲ್ಲಿಂದಲೇ ಶುರುಮಾಡಿ. ಅವರನ್ನು ಎಷ್ಟು ಸಲ, ಯಾವ ರಸ್ತೆಯಲ್ಲಿ, ಏನು ಕಾರಣ ಹೇಳಿ ನಿಲ್ಲಿಸಿದರು? ಲೈಸೆನ್ಸ್ ಹೋದ ಮೇಲೆ ಚಿಕಿತ್ಸಾ ಕೇಂದ್ರಕ್ಕೆ ಹೇಗೆ ಹೋಗುತ್ತಿದ್ದರು, ಎಷ್ಟು ದಿನ ತಪ್ಪಿತು? ಕೇಳಿಕೊಂಡು ಬಂದು ಬರೆಯಿರಿ. ಆ ಪ್ರತಿಯನ್ನು ನಾನೇ ಕೂತು ತಿದ್ದುತ್ತೇನೆ.